ಕೆಂಪು ಟೋಪಿ ನಿಂತಿರುವ ತನಕ

ನಮ್ಮ ಮನೆಯಲ್ಲಿ ಪಾತ್ರೆ ಯಾರು ತೊಳೆಯಬೇಕು ಎಂಬುದನ್ನು ನಲವತ್ತಮೂರು ವರ್ಷಗಳಿಂದ ತೀರ್ಮಾನಿಸುತ್ತಾ ಬಂದವನು ನಾನಲ್ಲ, ನನ್ನ ಹೆಂಡತಿ ಡೋರೀನಳೂ ಅಲ್ಲ. ಪ್ರತಿ ನವೆಂಬರಿನ ಮೂರನೆಯ ಶನಿವಾರ ಒಂದು ಚರ್ಮದ ಚೆಂಡಿಗಾಗಿ ಒಬ್ಬರ ಮೇಲೊಬ್ಬರು ಬಿದ್ದು ಹೊರಳಾಡುವ ಇಪ್ಪತ್ತೆರಡು ಹುಡುಗರು. ಅವರಿಗೆ ಈ ವಿಷಯ ಗೊತ್ತಿರಲಿಲ್ಲ. ಗೊತ್ತಿದ್ದರೆ ಇನ್ನಷ್ಟು ಮನಸ್ಸಿಟ್ಟು ಆಡುತ್ತಿದ್ದರೋ ಏನೋ.

ನಾನು ಓದಿದ್ದು ಕಾಲ್ಡರ್ ಸ್ಟೇಟ್ ಕಾಲೇಜಿನಲ್ಲಿ. ಡೋರೀನ್ ಓದಿದ್ದು ಅಲ್ಲಿಂದ ಮೂವತ್ತೆಂಟು ಮೈಲಿ ದೂರದ ಬ್ರಿಗ್ಸ್ ಕೃಷಿ ಕಾಲೇಜಿನಲ್ಲಿ. ಎರಡು ಕಾಲೇಜುಗಳ ನಡುವೆ ಇರುವುದು ಕ್ಯಾನ್ಸಸ್ಸಿನ ಗೋಧಿ ಹೊಲ, ಒಂದು ಕಣಜ ಮತ್ತು ನೂರು ವರ್ಷದ ಅಮೆರಿಕನ್ ಫುಟ್‌ಬಾಲ್ ಹಗೆ. ಅವರನ್ನು ನಾವು ಸಗಣಿ ಕಾಲೇಜು ಎನ್ನುತ್ತೇವೆ. ನಮ್ಮನ್ನು ಅವರು ಗುಮಾಸ್ತರ ಕಾರ್ಖಾನೆ ಎನ್ನುತ್ತಾರೆ. ಎರಡೂ ನಿಜವಾದ್ದರಿಂದ ಜಗಳ ಮುಗಿದಿಲ್ಲ.

ಮದುವೆಯಾದ ಮೊದಲ ತಿಂಗಳು ನಾವಿದ್ದದ್ದು ಬಾಡಿಗೆಯ ಟ್ರೇಲರ್ ಮನೆಯಲ್ಲಿ. ಮೂರು ದಿನದ ಪಾತ್ರೆ ಸಿಂಕಿನಲ್ಲಿ ಬಿದ್ದಿತ್ತು, ಇಬ್ಬರೂ ಅದನ್ನು ನೋಡದವರಂತೆ ಓಡಾಡುತ್ತಿದ್ದೆವು. ಕೊನೆಗೆ ಕಾಫಿಗೆ ಲೋಟ ಸಿಗದೆ ನಾನೇ ಬಾಯಿ ಬಿಟ್ಟೆ.

"ನಮ್ಮಮ್ಮ ಒಂದಿನಾನೂ ಹೀಗೆ ಬಿಟ್ಟೋಳಲ್ಲ."

"ಹಾಗಾದ್ರೆ ನಿಮ್ಮಮ್ಮನ್ನೇ ಮದ್ವೆ ಆಗ್ಬೇಕಿತ್ತು," ಅಂದಳು ಡೋರೀನ್. ಆಮೇಲೆ ಸಿಂಕಿನ ಕಡೆ ನೋಡಿ, "ಶನಿವಾರ ಆಟ ಇದೆಯಲ್ಲ. ಸೋತ ಕಾಲೇಜಿನೋರು ಮುಂದಿನ ಆಟದ ತನಕ ತೊಳೀಬೇಕು. ಧೈರ್ಯ ಇದ್ರೆ ಒಪ್ಕೊ."

ಒಪ್ಪಿಕೊಂಡೆ. ಬ್ರಿಗ್ಸ್ ಮೂವತ್ತೊಂದು ಅಂಕ, ಕಾಲ್ಡರ್ ಮೂರು. ಇಡೀ ವರ್ಷ ತೊಳೆದೆ.

ಅಲ್ಲಿಂದ ಅದು ನಮ್ಮ ಮನೆಯ ಸಂವಿಧಾನವಾಯಿತು. ಸಹಾಯ ಕೇಳುವಂತಿಲ್ಲ, ಕೊಡುವಂತಿಲ್ಲ, ಜ್ವರ ಎನ್ನುವಂತಿಲ್ಲ. ನನ್ನ ಕೈ ಮುರಿದ ವರ್ಷ ಒಂದೇ ಕೈಯಲ್ಲಿ ತೊಳೆದೆ. ಅವಳ ಹೊಟ್ಟೆಯ ಆಪರೇಷನ್ ಆದ ವರ್ಷ ಸ್ಟೂಲ್ ಹಾಕಿಕೊಂಡು ಕೂತು ತೊಳೆದಳು. ಮಗಳು ಜನೆಲ್ ನೋಡಲಾರದೆ ಪಾತ್ರೆ ತೊಳೆಯುವ ಯಂತ್ರವನ್ನೇ ಕಳಿಸಿದಳು. ಅದರಲ್ಲಿ ಡೋರೀನ್ ಈಗಲೂ ಸೌತೆಕಾಯಿ ಉಪ್ಪಿನಕಾಯಿಯ ಸೀಸೆಗಳನ್ನು ಇಡುತ್ತಾಳೆ, ತಂಪಾಗಿರುತ್ತದಂತೆ.

ಇನ್ನು ಟೋಪಿಯ ವಿಷಯ. ಮೂವತ್ತು ವರ್ಷ ಶಾಲೆಯಲ್ಲಿ ರೇಖಾಗಣಿತ ಕಲಿಸಿ ನಿವೃತ್ತನಾದ ಮೇಲೆ ನನಗೆ ಸಿಕ್ಕಿದ ಕೆಲಸ ಅದು. ಕಾಲ್ಡರ್ ಮೈದಾನದಲ್ಲಿ ಟಿವಿಯವರು ತೋರಿಸುವ ಪ್ರತಿ ಪಂದ್ಯದಲ್ಲೂ ಅವರ ಕಡೆಯ ಒಬ್ಬ ಮನುಷ್ಯ ಕೆಂಪು ಟೋಪಿ ಹಾಕಿಕೊಂಡು ಗೆರೆಯ ಪಕ್ಕ ಇರಬೇಕು. ಮೈದಾನದ ಹಿಂದೆ ನಿಂತ ಟಿವಿ ಲಾರಿಯಿಂದ ಕಿವಿಗೆ ಅಪ್ಪಣೆ ಬರುತ್ತದೆ. "ಜಾಹೀರಾತು" ಎಂದರೆ ನಾನು ಹುಲ್ಲಿನ ಮೇಲೆ ಹತ್ತು ಹೆಜ್ಜೆ ನಡೆದು ನಿಲ್ಲುತ್ತೇನೆ. ನಾನು ನಿಂತಿರುವ ತನಕ ಯಾರೂ ಆಡುವಂತಿಲ್ಲ. ಕೋಟಿ ಸಂಬಳದ ತರಬೇತುದಾರನಾಗಲಿ, ನೂರೈವತ್ತು ಕಿಲೋ ತೂಗುವ ಆಟಗಾರನಾಗಲಿ, ಮೂವತ್ತೊಂದು ಸಾವಿರ ಜನರಾಗಲಿ, ಎಲ್ಲರೂ ಕಾರು ಮತ್ತು ಬಿಯರ್ ಮಾರಿ ಮುಗಿಯುವ ತನಕ ನನ್ನ ಮುಖ ನೋಡುತ್ತಾ ಕಾಯಬೇಕು. "ಹೊರಗೆ" ಎಂದರೆ ಹೊರಗೆ ಬರುತ್ತೇನೆ. ಏಳು ವರ್ಷ ಮಾಡಿದೆ, ಒಂದು ಸಲವೂ ಒಂದು ಸೆಕೆಂಡ್ ತಡ ಮಾಡಿರಲಿಲ್ಲ. ಲಾರಿಯಲ್ಲಿದ್ದವಳ ಹೆಸರು ರೆನೆ. ಏಳು ವರ್ಷ ಕಿವಿಯಲ್ಲಿ ಸಂಸಾರ ಮಾಡಿದರೂ ಅವಳ ಮುಖ ನೋಡಿರಲಿಲ್ಲ.

ಹೀಗೆ ಎಲ್ಲ ಸುಸೂತ್ರವಾಗಿರುವಾಗ ನಮ್ಮ ಕಾಲೇಜಿನ ಅಧ್ಯಕ್ಷ ಪ್ರೆಸ್ಟನ್ ಸ್ಟೈಲ್ಸ್ ಆಗಸ್ಟ್ ತಿಂಗಳಲ್ಲಿ ಊರನ್ನೆಲ್ಲ ವ್ಯಾಯಾಮ ಶಾಲೆಗೆ ಕರೆದ. ವೇದಿಕೆಯ ಮೇಲೆ ನೀಲಿ ಬಟ್ಟೆ ಮುಚ್ಚಿದ ಏನೋ ಒಂದಿತ್ತು. ಯಾರೋ ದಾನಿಯ ಪ್ರತಿಮೆ ಇರಬಹುದು ಎಂದುಕೊಂಡೆವು. ಬಟ್ಟೆ ಎಳೆದರೆ ಹಡಗಿನ ಲಂಗರು. ಹಿತ್ತಾಳೆಯದು, ಆಳೆತ್ತರದ್ದು.

"ಮುಂದಿನ ವರ್ಷದಿಂದ ನಾವು ಹಾರ್ಬರ್ ಒಕ್ಕೂಟದ ಸದಸ್ಯರು!" ಅಂದ ಸ್ಟೈಲ್ಸ್.

ಹಾರ್ಬರ್ ಒಕ್ಕೂಟ ಎಂದರೆ ಅಟ್ಲಾಂಟಿಕ್ ದಡದ ಕಾಲೇಜುಗಳ ಗುಂಪು. ನಮ್ಮ ಊರಿನಿಂದ ಸಮುದ್ರಕ್ಕೆ ಎರಡು ದಿನದ ದಾರಿ. ಇಲ್ಲಿಯವರೆಗೆ ನಾವಿದ್ದದ್ದು 'ಪ್ರೇರಿ ಒಂಬತ್ತು' ಎಂಬ ಒಕ್ಕೂಟದಲ್ಲಿ. ಅದರಲ್ಲಿ ಹನ್ನೊಂದು ಕಾಲೇಜುಗಳಿದ್ದವು, ಒಂಬತ್ತು ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಒಕ್ಕೂಟದವರಿಗೆ ಲೆಕ್ಕ ಬರುವುದಿಲ್ಲವೆಂದು ಗೊತ್ತಿತ್ತು. ಭೂಗೋಳವೂ ಬರುವುದಿಲ್ಲವೆಂದು ಗೊತ್ತಾದದ್ದು ಆವತ್ತು.

ಹಾರ್ಬರಿನವರು ನಮ್ಮನ್ನು ಕರೆದದ್ದು ನಮ್ಮ ಆಟ ನೋಡಿ ಅಲ್ಲ. ಅವರ ಪಂದ್ಯಗಳ ಹಕ್ಕನ್ನು ಏಳು ವರ್ಷಕ್ಕೆ ಕೊಂಡ ಟಿವಿ ಕಂಪನಿಗೆ ಮಧ್ಯಾಹ್ನ ಮೂರರಿಂದ ಆರರವರೆಗೆ ತೋರಿಸಲು ಏನೂ ಇರಲಿಲ್ಲ. ಪೂರ್ವದವರ ಆಟ ಮುಗಿದಿರುತ್ತದೆ, ಪಶ್ಚಿಮದವರದ್ದು ಶುರುವಾಗಿರುವುದಿಲ್ಲ. ಪೂರ್ವಕ್ಕಿಂತ ಒಂದು ಗಂಟೆ ಹಿಂದೆ ಓಡುವ ನಡುನಾಡಿನ ಗಡಿಯಾರ ಇರುವ ಯಾರಾದರೂ ಬೇಕಿತ್ತು. ಅವರು ಕೊಂಡದ್ದು ನಮ್ಮ ಗಡಿಯಾರವನ್ನು, ತಂಡ ಅದರ ಜೊತೆ ಪುಕ್ಕಟೆ ಬಂತು. ನಮ್ಮ ವಾಲಿಬಾಲ್ ಹುಡುಗಿಯರು ಇನ್ನು ಮುಂದೆ ಮಂಗಳವಾರ ಮೇನ್ ರಾಜ್ಯಕ್ಕೆ ಹಾರಿ, ಆಡಿ, ಬುಧವಾರ ಬೆಳಿಗ್ಗೆ ರಸಾಯನಶಾಸ್ತ್ರದ ಪರೀಕ್ಷೆ ಬರೆಯಬೇಕು. "ಎಲ್ಲ ವಿದ್ಯಾರ್ಥಿಗಳ ಹಿತಕ್ಕಾಗಿ," ಅಂದ ಸ್ಟೈಲ್ಸ್. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು, ಚಪ್ಪಾಳೆ ತಟ್ಟಿದೆವು.

ಹಿಂದಿನ ಸಾಲಿನಿಂದ ಮರ್ಲ್ ಉನ್ರಾ ಎದ್ದು ನಿಂತ. ಮರ್ಲ್ ನನ್ನ ಬಾಲ್ಯದ ಗೆಳೆಯ, ಊರಿನ ಕ್ಷೌರಿಕ, ಕಾಲ್ಡರ್ ಬಣ್ಣದ ಚಡ್ಡಿ ಬಿಟ್ಟು ಬೇರೆ ಹಾಕದವನು.

"ಸ್ವಾಮಿ, ಆ ಲಂಗರು ಯಾಕೆ?"

"ಒಕ್ಕೂಟದ ಉಡುಗೊರೆ. ಗ್ರಂಥಾಲಯದ ಮುಂದೆ ನಿಲ್ಲಿಸ್ತೀವಿ."

"ಒಳ್ಳೇದು. ಆ ಗ್ರಂಥಾಲಯದ ಮಾಡು ಗಾಳಿಗೆ ಹಾರಿ ಹೋಗ್ತಿತ್ತು, ಅದಕ್ಕೆ ಕಟ್ಟಿ. ಮತ್ತೆ ಬ್ರಿಗ್ಸ್ ಆಟ?"

ಸ್ಟೈಲ್ಸ್ ಕನ್ನಡಕ ಒರೆಸಿಕೊಂಡ. ಹೊಸ ಒಕ್ಕೂಟದ ಪಟ್ಟಿಯಲ್ಲಿ ಜಾಗವಿಲ್ಲ, ಟಿವಿಯವರಿಗೆ ಬ್ರಿಗ್ಸ್ ಬೇಕಾಗಿಲ್ಲ, ಈ ನವೆಂಬರಿನದೇ ಕೊನೆಯದು ಎಂದ. ಆಗ ಚಪ್ಪಾಳೆ ನಿಂತಿತು. ಅವನು ಒಕ್ಕೂಟ ಬದಲಿಸಿದ್ದೇ ಹಸುವಿಗೆ ಹೆದರಿ ಎಂದು ಮರ್ಲ್ ಇವತ್ತಿಗೂ ಹೇಳುತ್ತಾನೆ. ನಮ್ಮಲ್ಲಿ ಸೋತ ಕಾಲೇಜಿನ ಅಧ್ಯಕ್ಷ ಆಟ ಮುಗಿದ ಮೇಲೆ ಮೈದಾನದ ನಡುವೆ ಸ್ಟೂಲ್ ಹಾಕಿ ಕೂತು ಹಸು ಕರೆಯಬೇಕು, ಗೆದ್ದವರು ಆ ಹಾಲು ಕುಡಿಯಬೇಕು. ಸ್ಟೈಲ್ಸ್ ಬಂದ ವರ್ಷ ನಾವು ಸೋತೆವು. ಕಾಲು ಗಂಟೆ ಕೂತು ಅವನು ಕರೆದದ್ದು ಒಂದು ಚಮಚ. ಹಸು ಬೇಸರದಿಂದ ಅವನ ಬೂಟಿನ ಮೇಲೆ ಮಾಡಬಾರದ್ದು ಮಾಡಿತು.

ನಾನು ಆವತ್ತು ಮನೆಗೆ ಬಂದು ಅಡುಗೆಮನೆಯ ಮೇಜಿನ ಮುಂದೆ ಕೂತೆ. ಡೋರೀನ್ ಬಾಣಲೆ ಉಜ್ಜುತ್ತಿದ್ದಳು. ಹಿಂದಿನ ವರ್ಷ ಕಾಲ್ಡರ್ ಗೆದ್ದಿತ್ತು, ಹಾಗಾಗಿ ಅದು ಅವಳ ವರ್ಷ. ಸುದ್ದಿ ಹೇಳಿದೆ. ಅವಳು ತಿರುಗಲಿಲ್ಲ.

"ಕೊನೇದು ಅಂದ್ರೆ ಕೊನೇದಾ?"

"ಕೊನೇದು."

"ಹಾಗಾದ್ರೆ ಈ ಸಲ ಸೋತೋರು ಸಾಯೋ ತನಕ ತೊಳೀಬೇಕು."

ಅದು ನನಗೆ ಹೊಳೆದೇ ಇರಲಿಲ್ಲ. ಮುಂದಿನ ಆಟದ ತನಕ ಎಂಬುದು ನಿಯಮ, ಮುಂದಿನ ಆಟ ಇಲ್ಲ. ನನ್ನ ಕಣ್ಣು ಅವಳ ಕೈಗಳ ಮೇಲೆ ಬಿತ್ತು. ಮೂರು ವರ್ಷದಿಂದ ಅವಳ ಬೆರಳ ಗಂಟುಗಳು ಊದಿ ಶುಂಠಿಯ ಬೇರಿನಂತಾಗಿವೆ. ಬೆಳಿಗ್ಗೆ ಮುಷ್ಟಿ ಕಟ್ಟಲು ಆಗುವುದಿಲ್ಲ. ಬ್ರಿಗ್ಸಿನಲ್ಲಿ ಪಶುವೈದ್ಯರ ಕೈಕೆಳಗೆ ಮೂವತ್ತು ವರ್ಷ ಕರುಗಳನ್ನು ಎಳೆದು ಹೆರಿಗೆ ಮಾಡಿಸಿದ ಕೈಗಳು ಅವು. ಆ ವರ್ಷ ಆಗಲೇ ಮೂರು ತಟ್ಟೆ ಒಡೆದಿದ್ದವು.

"ಡೋರೀನ್, ಸಾಕು ಮಾಡೋಣ. ಆಟಾನೇ ಇಲ್ಲ ಅಂದ್ಮೇಲೆ ಬಾಜಿ ಯಾತಕ್ಕೆ? ಇನ್ಮೇಲೆ ನಾನೇ—"

ಬಾಣಲೆ ಸಿಂಕಿಗೆ ಬಿದ್ದ ಸದ್ದಿಗೆ ಬೆಕ್ಕು ಓಡಿಹೋಯಿತು.

"ನನ್ನ ಕೈ ನೋಡಿ ಹೇಳ್ತಿದೀಯ ನೀನು. ಹೌದಾ ಅಲ್ವಾ?"

"ಅಲ್ಲ."

"ಸುಳ್ಳು ಬೊಗಳ್ಬೇಡ. ಇಪ್ಪತ್ತು ವರ್ಷ ನೀನು ಸೋತು ತೊಳ್ದಿದೀಯ, ನಾನು ಒಂದಿನ ಅಯ್ಯೋ ಅಂದಿದೀನಾ? ಮಜಾ ತಗೊಂಡಿದೀನಿ! ಕಾಲು ಚಾಚ್ಕೊಂಡು ಕೂತು ನೋಡಿದೀನಿ. ನಂಗೂ ಅದೇ ಮರ್ಯಾದೆ ಕೊಡು. ನಂಗೆ ದಯೆ ತೋರ್ಸಿದ್ರೆ, ಆರ್ಲೊ ಪೆನ್ನರ್, ಈ ಬಾಣಲೇಲೇ ನಿನ್ನ ಸಮಾಧಿ."

ಅವಳ ಸ್ವಭಾವ ನನಗೆ ಗೊತ್ತು. ಬೆಕ್ಕನ್ನು ಹುಡುಕಲು ಎದ್ದು ಹೋದೆ.

ಆದರೆ ಮನಸ್ಸು ಸುಮ್ಮನಾಗಲಿಲ್ಲ. ಬ್ರಿಗ್ಸ್ ಗೆದ್ದರೆ ಅವಳ ಕೈಗಳು ಉಳಿಯುತ್ತವೆ, ಅದಕ್ಕೆ ಕಾಲ್ಡರ್ ತನ್ನ ಕೊನೆಯ ಆಟವನ್ನು ಸಗಣಿ ಕಾಲೇಜಿಗೆ ಸೋಲಬೇಕು. ಆ ಸೋಲನ್ನು ತಿದ್ದಲು ಮುಂದಿನ ವರ್ಷ ಎಂಬುದಿಲ್ಲ. ಚರ್ಚಿನಲ್ಲಿ ಕೂತು ಬ್ರಿಗ್ಸ್ ಗೆಲ್ಲಲಿ ಎಂದು ಪ್ರಾರ್ಥಿಸಲು ಹೋದೆ, ಬಾಯಿಯೇ ಬರಲಿಲ್ಲ. ನನ್ನ ಅಜ್ಜ ಸಾಯುವಾಗ ಕೊನೆಯದಾಗಿ ಕೇಳಿದ್ದು ಆಟದ ಅಂಕ. "ಬ್ರಿಗ್ಸ್‌ಗೆ ಸ್ವಲ್ಪ ಅದೃಷ್ಟ ಕೊಡು ದೇವರೇ, ತೀರಾ ಜಾಸ್ತಿ ಬೇಡ" ಎಂದು ಮುಗಿಸಿದೆ. ಇಂಥ ಅರೆಬೆಂದ ಪ್ರಾರ್ಥನೆಗೆ ದೇವರು ಏನು ಮಾಡಿಯಾನು.

ಆಟದ ದಿನ ಬಂತು. ಗಾಳಿ ಉತ್ತರದಿಂದ, ಮೂಗು ಬಿದ್ದುಹೋಗುವ ಚಳಿ. ಮೈದಾನದ ಹೊರಗೆ ನಿಲ್ಲಿಸಿದ ನಮ್ಮ ಪಿಕಪ್ಪಿನ ಹಿಂದೆ ಡೋರೀನಳ ಎಲೆಕೋಸು ಮಾಂಸದ ಬನ್ನುಗಳು, ಮರ್ಲನ ಖಾರದ ಹುರುಳಿ ಸಾರು, ಅದಕ್ಕೆ ನೆಂಚಿಕೊಳ್ಳಲು ದಾಲ್ಚಿನ್ನಿ ರೊಟ್ಟಿ ಸುರುಳಿ. ಡೋರೀನ್ ಬ್ರಿಗ್ಸಿನ ಹಳದಿ ಕೋಟು ಹಾಕಿದ್ದಳು. ಮರ್ಲ್ ಅವಳನ್ನು ನೋಡಿ ಹಣೆ ಚಚ್ಚಿಕೊಂಡ.

"ಇವತ್ತು ಸೋತ್ರೆ ಪರ್ಮನೆಂಟ್ ಕೆಲ್ಸ ಅಂತೆ ನಿಂಗೆ, ಡೋರೀನ್?"

"ನಿನ್ನ ಸ್ನೇಹಿತನಿಗೆ ಹೇಳು, ಏಪ್ರನ್ ಹೊಲಿಸ್ಕೊಳ್ಳೋಕೆ. ಸೊಂಟದ ಅಳತೆ ದೊಡ್ಡದು, ಬಟ್ಟೆ ಜಾಸ್ತಿ ಬೇಕು."

ನಾನು ಸಾರು ಅರ್ಧಕ್ಕೆ ಬಿಟ್ಟು ಟೋಪಿ ಹಾಕಿಕೊಂಡು ಒಳಗೆ ಹೋದೆ.

ಆಟದ ಮೊದಲ ಮೂರು ಗಂಟೆ ನಾನು ಹೇಳುವುದಿಲ್ಲ. ಕಾಲ್ಡರ್ ಮುಂದಾದಾಗ ಕುಣಿಯಬೇಕೆನಿಸಿತು, ಅವಳ ಬೆರಳು ನೆನಪಾಗಿ ಕಾಲು ತಡೆಯಿತು. ಬ್ರಿಗ್ಸ್ ಮುಂದಾದಾಗ ಸಮಾಧಾನವಾಯಿತು, ಮರುಕ್ಷಣ ಅಜ್ಜನ ಗೋರಿ ಕಣ್ಣ ಮುಂದೆ ಬಂತು. ಹೀಗೆ ಬೆಂದು ಬೆಂದು ಕೊನೆಗೆ ಗಡಿಯಾರದಲ್ಲಿ ನಾಲ್ಕು ಸೆಕೆಂಡ್ ಉಳಿದಾಗ ಕಾಲ್ಡರ್ ಇಪ್ಪತ್ತು, ಬ್ರಿಗ್ಸ್ ಹದಿನೆಂಟು. ಚೆಂಡು ಬ್ರಿಗ್ಸಿನವರ ಕೈಯಲ್ಲಿತ್ತು. ಒಂದು ಒದೆತ ಉಳಿದಿತ್ತು. ಎರಡು ಕಂಬಗಳ ನಡುವೆ ದಾಟಿದರೆ ಮೂರು ಅಂಕ, ಬ್ರಿಗ್ಸ್ ಗೆದ್ದಂತೆ. ದಾಟದಿದ್ದರೆ ನಾವು.

ಒದೆಯಬೇಕಾದ ಹುಡುಗ ಟೊಬಿಯಾಸ್ ಶ್ರಾಗ್, ಹತ್ತೊಂಬತ್ತು ವರ್ಷ, ಮೇಕೆ ಸಾಕುವವರ ಮಗ. ಅವನ ಗುರಿ ಇಡೀ ವರ್ಷ ತಪ್ಪಿರಲಿಲ್ಲ. ಅವನ ಧೈರ್ಯ ಕೆಡಿಸಲೆಂದು ನಮ್ಮ ತರಬೇತುದಾರ ಸಿಳ್ಳೆ ಹಾಕಿ ತನ್ನ ಪಾಲಿನ ಕೊನೆಯ ಬಿಡುವು ಕೇಳಿದ. ಕಿವಿಯಲ್ಲಿ ರೆನೆ ಮಾತಾಡಿದಳು.

"ಆರ್ಲೊ, ನಮಗಿನ್ನೂ ಒಂದು ಜಾಹೀರಾತು ಬಾಕಿ ಇದೆ. ಈಗ್ಲೇ ಮುಗಿಸಿಬಿಡೋಣ. ಎರಡೂವರೆ ನಿಮಿಷ. ಹೋಗಿ ನಿಂತ್ಕೊ."

ಹತ್ತು ಹೆಜ್ಜೆ ನಡೆದು ನಿಂತೆ. ಎರಡೂವರೆ ನಿಮಿಷ ಜನರೆಲ್ಲ ಕಾಲು ಕುಟ್ಟುತ್ತಾ ನನ್ನನ್ನೇ ನೋಡಿದರು. ಎಡಗಡೆ ಹಳದಿ ಕೋಟುಗಳ ನಡುವೆ ಎಲ್ಲೋ ಡೋರೀನ್. ಬಲಗಡೆ ಅಂಗಿ ಬಿಚ್ಚಿ ಹೊಟ್ಟೆಗೆ ಬಣ್ಣ ಬಳಿದುಕೊಂಡ ಮರ್ಲ್. ಹಿಂದಿನಿಂದ ಬ್ಯಾಂಡಿನ ತಮಟೆ.

"ಹದಿನೈದು ಸೆಕೆಂಡ್," ಅಂದಳು ರೆನೆ. ಶ್ರಾಗ್ ತನ್ನ ಜಾಗಕ್ಕೆ ಬಂದು ಎರಡು ಹೆಜ್ಜೆ ಹಿಂದೆ, ಎರಡು ಹೆಜ್ಜೆ ಪಕ್ಕಕ್ಕೆ ಅಳೆದು ನಿಂತ. "ಐದು. ನಾಲ್ಕು. ಬಂದ್ವಿ. ಹೊರಗೆ ಬಾ ಆರ್ಲೊ."

ನಾನು ಹೊರಗೆ ಬರಲಿಲ್ಲ.

ಬರಬಾರದೆಂದು ತೀರ್ಮಾನಿಸಿ ನಿಂತದ್ದಲ್ಲ. ಕಾಲು ಏಳಲಿಲ್ಲ. ಅತ್ತ ದರಿ, ಇತ್ತ ಪುಲಿ ಎಂದು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೆನೋ, ಅವತ್ತು ನಾನೇ ಅಲ್ಲಿದ್ದೆ. ನಾನು ಹತ್ತು ಹೆಜ್ಜೆ ಇಟ್ಟರೆ ಆ ಹುಡುಗ ಒದೆಯುತ್ತಾನೆ, ಒದ್ದರೆ ಏನೋ ಒಂದಾಗುತ್ತದೆ, ಏನಾದರೂ ಅದು ಕೊನೆಯದು. ನಾನು ನಿಂತಿರುವ ತನಕ ಯಾರೂ ಸೋತಿಲ್ಲ. ನಾನು ನಿಂತಿರುವ ತನಕ ನಮ್ಮ ಮನೆಯಲ್ಲಿ ಮುಂದಿನ ನವೆಂಬರ್ ಇದೆ. ನನಗೆ ಅಳು ಬರುತ್ತಿತ್ತು ಎಂದು ಹೇಳಲು ನಾಚಿಕೆ ಇಲ್ಲ.

"ಆರ್ಲೊ? ನೇರ ಪ್ರಸಾರದಲ್ಲಿದೀವಿ. ನಿನ್ನ ಹಿಂಭಾಗ ದೇಶಕ್ಕೆಲ್ಲ ಕಾಣ್ತಿದೆ."

ಪಟ್ಟೆ ಅಂಗಿಯ ತೀರ್ಪುಗಾರ ಓಡಿ ಬಂದ. "ಏನಾಯ್ತಯ್ಯಾ? ಇನ್ನೂ ಜಾಹೀರಾತಾ?"

ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಅವನು ಕಾದ. ಕೆಂಪು ಟೋಪಿ ನಿಂತಿದ್ದರೆ ಕಾಯಬೇಕು, ಅವನು ಕಲಿತದ್ದೂ ಅಷ್ಟೇ. ಒಂದು ನಿಮಿಷವಾಯಿತು. ಮೂವತ್ತೊಂದು ಸಾವಿರ ಜನ ಕೂಗತೊಡಗಿದರು. ಕಾಲ್ಡರ್ ಕಡೆಯವರಿಗೆ ನಾನು ಬೇಕೆಂದೇ ಮಾಡುತ್ತಿದ್ದೇನೆಂದು ಖುಷಿ, ಬ್ರಿಗ್ಸ್ ಕಡೆಯವರು ನನ್ನ ತಾಯಿಯನ್ನು ನೆನೆಸಿಕೊಳ್ಳುತ್ತಿದ್ದರು. ಎರಡು ನಿಮಿಷವಾಯಿತು. ಶ್ರಾಗ್ ಒದೆಯುವ ಕಾಲನ್ನು ಇನ್ನೊಂದು ಕಾಲಿಗೆ ಉಜ್ಜಿಕೊಳ್ಳುತ್ತಿದ್ದ.

ಆಗ ಎಡಗಡೆಯ ಕಂಬಿಯಿಂದ ನಲವತ್ತಮೂರು ವರ್ಷದಿಂದ ನನಗೆ ಪರಿಚಯವಿರುವ ಗಂಟಲು ಕೇಳಿಸಿತು.

"ಆರ್ಲೊ ಪೆನ್ನರ್! ಆಚೆ ಬಾರೋ! ಹುಡುಗನ ಕಾಲು ತಣ್ಣಗಾಗ್ತಿದೆ!"

ಕಾಲು ತಾನಾಗಿ ಎದ್ದಿತು. ಹೊರಗೆ ಬಂದೆ.

ಚೆಂಡು ಹಾರಿತು. ಚೆನ್ನಾಗಿಯೇ ಹಾರಿತು, ಆದರೆ ದೂರ ಸಾಲಲಿಲ್ಲ. ಅಡ್ಡಕಂಬಿಗೆ ಒಂದು ಮೊಳ ಕೆಳಗೆ ಬಂದು ಬಿತ್ತು. ಬಿಸಿ ಕಾಲಾಗಿದ್ದರೆ ದಾಟುತ್ತಿತ್ತು. ಇದು ನನಗೆ ಗೊತ್ತು, ಶ್ರಾಗನಿಗೆ ಗೊತ್ತು, ಡೋರೀನಳಿಗೂ ಗೊತ್ತು.

ಕಾಲ್ಡರ್ ಗೆದ್ದಿತು. ಬ್ರಿಗ್ಸಿನ ಅಧ್ಯಕ್ಷೆ, ಹಳೆಯ ಪಶುವೈದ್ಯೆ, ತೋಳು ಮಡಚಿ ಕೂತು ಎರಡು ನಿಮಿಷದಲ್ಲಿ ಬಕೆಟ್ ತುಂಬಿಸಿದಳು. ನಮ್ಮ ಹುಡುಗರು ಹಾಲು ಕುಡಿದರು. ಜನ ನನ್ನನ್ನು ಹೆಗಲ ಮೇಲೆ ಎತ್ತಿಕೊಂಡರು. ಇಳಿಸಿ ಎಂದರೂ ಇಳಿಸಲಿಲ್ಲ.

ಮನೆಗೆ ಹೋಗುವಾಗ ಪಿಕಪ್ ಓಡಿಸಿದ್ದು ಡೋರೀನ್. ಊರಿನ ನೀರಿನ ಟ್ಯಾಂಕಿನ ಹತ್ತಿರ ವೇಗ ತಗ್ಗಿಸಿದಳು.

"ಯಾಕೆ ನಿಂತೆ?" ಅಂದಳು.

"ಮುಗೀಬಾರದು ಅಂತ."

ಅವಳು ರಸ್ತೆ ನೋಡುತ್ತಲೇ ಇದ್ದಳು. "ಆ ಹುಡುಗನ ಕಾಲು ತಣ್ಣಗಾಯ್ತು."

"ಗೊತ್ತು."

"ಸೋತಿದ್ದು ಸೋತಿದ್ದೇ. ಪಾತ್ರೆ ನಂದು, ಸಾಯೋ ತನಕ. ಇನ್ನು ಈ ಮಾತು ಎತ್ತಬೇಡ."

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಣ್ಣುವವಳು ಅವಳು.

ಊರಿನಲ್ಲಿ ನಾನು ವೀರನಾದೆ. ಹೋಟೆಲಿನಲ್ಲಿ ನನ್ನ ಸಾರಿಗೂ ರೊಟ್ಟಿ ಸುರುಳಿಗೂ ಯಾರೂ ಕಾಸು ತೆಗೆದುಕೊಳ್ಳುತ್ತಿರಲಿಲ್ಲ. ಮರ್ಲ್ ಅಂಗಡಿಯ ಗೋಡೆಗೆ ನನ್ನ ಫೋಟೋ ಹಾಕಿದ.

"ಎಂಥಾ ತಲೆ ಕಣೋ ನಿಂದು! ಬೀಸಣಿಗೆ ಬೀಸದೆ ಕಾಲು ತಣ್ಣಗೆ ಮಾಡ್ಬಿಟ್ಟೆ."

"ನಾನು ಅದಕ್ಕೆ ನಿಂತಿದ್ದಲ್ಲ ಮರ್ಲ್."

"ಆಯ್ತಪ್ಪಾ, ಆಯ್ತು," ಎಂದು ಕಣ್ಣು ಹೊಡೆದ. "ಕೋರ್ಟಲ್ಲಿ ಹಾಗೇ ಹೇಳು."

ಸ್ಟೈಲ್ಸ್ ನನ್ನನ್ನು ಕರೆಸಿ ಕೋಟಿಗೆ ಚುಚ್ಚಿಕೊಳ್ಳುವ ಪುಟ್ಟ ಲಂಗರು ಕೊಟ್ಟ. ಊರಿಗೆಲ್ಲ ಟೋಪಿ ಹಾಕಿದವನು ಟೋಪಿ ಹಾಕಿಕೊಂಡವನಿಗೆ ಸನ್ಮಾನ ಮಾಡಿದಂತಾಯಿತು. ಟಿವಿಯವರು ಮಾತ್ರ ನ್ಯಾಯವಾಗಿ ನಡೆದುಕೊಂಡರು, ಕೆಲಸದಿಂದ ತೆಗೆದರು. ರೆನೆ ತಾನೇ ಫೋನ್ ಮಾಡಿದಳು.

"ಎರಡು ನಿಮಿಷ ಹದಿನಾಲ್ಕು ಸೆಕೆಂಡ್, ಆರ್ಲೊ. ನನ್ನ ಮೇಲಿನೋರು ಕುಣಿದಾಡಿಬಿಟ್ರು. ಟೋಪಿ ವಾಪಸ್ ಇಸ್ಕೊ ಅಂದಿದಾರೆ."

"ಕಳಿಸ್ತೀನಿ."

"ಬೇಡ ಬಿಡು, ಕಳೆದೋಯ್ತು ಅಂತೀನಿ. ಅಷ್ಟು ಚೆನ್ನಾಗಿ ನಿಂತೋರು ಯಾರೂ ಇಲ್ಲ."

ಟೋಪಿ ಬಾಗಿಲ ಹಿಂದಿನ ಮೊಳೆಗೆ ಬಿತ್ತು. ಚಳಿಗಾಲ ಶುರುವಾಯಿತು. ಬ್ರಿಗ್ಸ್ ಆಟ ಹೋಗಿ ನಮಗೆ ಉಳಿದದ್ದು ಗ್ರಂಥಾಲಯದ ಮುಂದಿನ ಲಂಗರು ಮತ್ತು ನಮ್ಮ ಅಡುಗೆಮನೆ.

ಡೋರೀನ್ ತೊಳೆದಳು. ದಿನಕ್ಕೆ ಮೂರು ಸಲ, ಬೆನ್ನು ಸೆಟೆಸಿಕೊಂಡು ತೊಳೆದಳು. ಜನವರಿಯಲ್ಲಿ ಅವಳ ಬಲಗೈ ಮುಚ್ಚುವುದನ್ನೇ ಬಿಟ್ಟಿತು. ಸ್ಪಂಜನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು ತಟ್ಟೆಯನ್ನು ಎದೆಗೆ ಆನಿಸಿಕೊಂಡು ಉಜ್ಜುತ್ತಿದ್ದಳು. ಏಪ್ರನ್, ಅಂಗಿ ಎಲ್ಲ ಒದ್ದೆ. ನಾನು ಒಂದು ಸಲ ಪಕ್ಕ ಹೋಗಿ ನಿಂತೆ, ಮರದ ಸೌಟಿನಿಂದ ಮಣಿಕಟ್ಟಿಗೆ ಬಾರಿಸಿದಳು. ಯಂತ್ರದಿಂದ ಉಪ್ಪಿನಕಾಯಿ ಸೀಸೆ ತೆಗೆದೆ, ವಾಪಸ್ ಇಟ್ಟಳು. ಕಾಗದದ ತಟ್ಟೆ ತಂದೆ, ಒಲೆಗೆ ಹಾಕಿದಳು. ಅವಳು ಅಳುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಬೈದಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತು. ಮನೆಯಲ್ಲಿ ಮುಂದಿನ ವರ್ಷದ ಸವಾಲಿಲ್ಲ, ಹಂಗಿಸುವ ಮಾತಿಲ್ಲ. ಬರೀ ಪಾತ್ರೆಯ ಸದ್ದು.

ಫೆಬ್ರವರಿಯ ಒಂದು ಭಾನುವಾರ ಮಧ್ಯಾಹ್ನ, ಚರ್ಚು ಮುಗಿಸಿ ಬಂದು ಊಟ ಮಾಡಿದ ಮೇಲೆ, ಅವಳ ತಾಯಿ ಕೊಟ್ಟ ನೀಲಿ ಅಂಚಿನ ದೊಡ್ಡ ತಟ್ಟೆ ಅವಳ ಕೈಯಿಂದ ಜಾರಿ ನೆಲಕ್ಕೆ ಬಿದ್ದು ನಾಲ್ಕು ಹೋಳಾಯಿತು. ಅವಳು ಬಗ್ಗಿ ಹೋಳುಗಳನ್ನು ನೋಡಿದಳು. ಆಮೇಲೆ ಏನೂ ಆಗದವಳಂತೆ ಮುಂದಿನ ತಟ್ಟೆ ತೆಗೆದುಕೊಳ್ಳಲು ಮೇಜಿನ ಕಡೆ ತಿರುಗಿದಳು. ನಾನು ಕಸಬರಿಕೆಗೆಂದು ಬಾಗಿಲ ಹಿಂದೆ ಕೈ ಹಾಕಿದೆ. ಕೈಗೆ ಸಿಕ್ಕಿದ್ದು ಟೋಪಿ.

ತಲೆಗೆ ಹಾಕಿಕೊಂಡೆ. ಎಣಿಸಿಕೊಂಡು ಹೆಜ್ಜೆ ಇಟ್ಟೆ, ನಮ್ಮ ಅಡುಗೆಮನೆ ಸಣ್ಣದು, ಐದೇ ಹೆಜ್ಜೆ. ಸಿಂಕಿಗೂ ಅವಳಿಗೂ ನಡುವೆ ಹೋಗಿ ನಿಂತೆ.

"ಏನಿದು ವೇಷ?" ಅಂದಳು, ತಟ್ಟೆ ಎದೆಗವಚಿಕೊಂಡು.

"ಬಿಡುವು."

"ಏನ್ ಬಿಡುವು? ಸರಿ ಆ ಕಡೆ."

"ಟಿವಿ ಬಿಡುವು. ಜಾಹೀರಾತು ಹೋಗ್ತಿದೆ. ಕೆಂಪು ಟೋಪಿ ನಿಂತಿರೋ ತನಕ ಆಟ ಆಡೋ ಹಾಗಿಲ್ಲ. ನಿಂಗೆ ನಿಯಮ ಗೊತ್ತು."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಿಯಮ ಎಂದ ಮೇಲೆ ಡೋರೀನ್ ತಳ್ಳುವವಳಲ್ಲ. ನಲವತ್ತಮೂರು ವರ್ಷ ಜ್ವರದಲ್ಲೂ ನಿಯಮ ಮುರಿಯದವಳು. ಅದರಲ್ಲಿ ಬಿರುಕು ಎಲ್ಲಿದೆ ಎಂದು ಅವಳು ಹುಡುಕುವುದು ಅವಳ ಹಣೆಯಲ್ಲೇ ಕಾಣುತ್ತಿತ್ತು.

"ಎಷ್ಟು ಹೊತ್ತು?"

"ನನ್ನ ಕೈಲಿಲ್ಲ. ಲಾರಿಯೋರು ಹೇಳ್ಬೇಕು."

"ಯಾರ ಜಾಹೀರಾತು?"

"ಪಾತ್ರೆ ಸೋಪಿಂದು," ಎಂದು ನಲ್ಲಿ ತಿರುಗಿಸಿದೆ. ಅವಳ ಎದೆಯಿಂದ ತಟ್ಟೆ ಬಿಡಿಸಿಕೊಂಡೆ. "ನೋಡು, ಹೇಗೆ ನೊರೆ ಬರುತ್ತೆ."

"ಏಯ್! ಸೋತಿರೋದು ನಾನು. ನೀನು ತೊಳೆದ್ರೆ ಲೆಕ್ಕಕ್ಕಿಲ್ಲ."

"ಖಂಡಿತ ಇಲ್ಲ. ಬಿಡುವಲ್ಲಿ ನಡೆಯೋದು ಯಾವುದು ಲೆಕ್ಕಕ್ಕಿದೆ? ಬ್ಯಾಂಡಿನೋರು ಊದ್ತಾರೆ, ನಾಯಿ ಬಂದು ಹಾರೋ ತಟ್ಟೆ ಹಿಡಿಯುತ್ತೆ. ಅಂಕ ಹಾಗೇ ಇರುತ್ತೆ. ಕಾಲ್ಡರ್ ಇಪ್ಪತ್ತು, ಬ್ರಿಗ್ಸ್ ಹದಿನೆಂಟು. ಸೋತಿರೋದು ನೀನೇ. ಸಾಯೋ ತನಕ ನೀನೇ ತೊಳೀಬೇಕು. ಆಟ ಶುರುವಾಗ್ಲಿ, ಆಮೇಲೆ ತೊಳೀವಿಯಂತೆ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಮೂರು ತಿಂಗಳು ತಲೆ ಕೆಡಿಸಿಕೊಂಡಿದ್ದವನಿಗೆ ಇದು ಐದು ಹೆಜ್ಜೆಯಲ್ಲಿ ಹೊಳೆದಿತ್ತು. ಬೆನ್ನು ತಿರುಗಿಸಿ ತೊಳೆಯುತ್ತಾ ಹೋದೆ. ಹಿಂದಿನಿಂದ ಸೌಟು ಬೀಳುತ್ತದೆಂದು ಕಾದೆ. ಬೀಳಲಿಲ್ಲ. ಕುರ್ಚಿ ಎಳೆದ ಸದ್ದಾಯಿತು, ಕಾಫಿ ಬಗ್ಗಿಸಿದ ಸದ್ದಾಯಿತು. ತಿರುಗಿ ನೋಡಿದರೆ ಕಾಲು ಚಾಚಿಕೊಂಡು ಕೂತಿದ್ದಳು, ಆ ಎರಡು ಕೈಗಳನ್ನೂ ಬಿಸಿ ಲೋಟಕ್ಕೆ ಸುತ್ತಿಕೊಂಡು.

"ಬಾಣಲೆ ತಳ ಬಿಟ್ಟೆ ನೋಡು," ಅಂದಳು. "ಇಂಥ ಜಾಹೀರಾತು ನೋಡಿ ಯಾವಳು ಸೋಪು ತಗೋತಾಳೆ?"

ಇದಾಗಿ ಎಂಟು ತಿಂಗಳಾಯಿತು. ಆಟ ಇನ್ನೂ ಶುರುವಾಗಿಲ್ಲ. ದಿನಕ್ಕೆ ಮೂರು ಸಲ ಊಟವಾದ ಕೂಡಲೇ ಬಿಡುವು ಬರುತ್ತದೆ, ನಾನು ಟೋಪಿ ಹಾಕಿಕೊಳ್ಳುತ್ತೇನೆ. ಮೊನ್ನೆ ಶನಿವಾರ ಟಿವಿಯಲ್ಲಿ ಕಾಲ್ಡರ್ ಹುಡುಗರು ರೋಡ್ ಐಲೆಂಡಿನ ಯಾವುದೋ ಕಾಲೇಜಿನ ಕೈಯಲ್ಲಿ ಸರಿಯಾಗಿ ಏಟು ತಿನ್ನುತ್ತಿದ್ದರು. ಅಲ್ಲೂ ನಡುವೆ ಯಾವನೋ ಒಬ್ಬ ಕೆಂಪು ಟೋಪಿಯವನು ಬಂದು ನಿಂತ. ಡೋರೀನ್ ಅದನ್ನು ನೋಡಿದಳು, ಸಿಂಕಿನ ಮುಂದೆ ನಿಂತ ನನ್ನನ್ನೂ ನೋಡಿದಳು.

"ಈ ಟಿವಿಯೋರಿಗೆ ನಾಚಿಕೆ ಅನ್ನೋದೇ ಇಲ್ಲ ಕಣೋ ಆರ್ಲೊ," ಅಂದಳು, ಲೋಟವನ್ನು ಇನ್ನೊಂದು ಕಾಫಿಗೆಂದು ನನ್ನ ಕಡೆ ಚಾಚುತ್ತಾ. "ಆಟಕ್ಕಿಂತ ಜಾಹೀರಾತೇ ಜಾಸ್ತಿ ಆಯ್ತು."